ಸಸಿಮನೆ, ಕಿತ್ತಳೆಮನೆ ಮತ್ತು ನಮ್ಮ ಮಾಸ್ತರು

ಸುಮಾ, ನೀನು ಹರಪನಹಳ್ಳಿ ಕಡೆಯ ಆ ದೊಡ್ಡ ಪಾಲಿಹೌಸಿನಲ್ಲಿ ಕೆಲಸಕ್ಕೆ ಸೇರಿದ ವಾರದಲ್ಲೇ ಫೋನು ಮಾಡಿ ಕೇಳಿದ್ದೆ: "ಅಜ್ಜಿ, ತರಬೇತಿಯಾಗ ಆರೆಂಜರಿ, ಕನ್ಸರ್ವೇಟರಿ, ಗ್ರೀನ್‌ಹೌಸ್, ಸನ್‌ರೂಮ್ ಅಂತ ಹೆಸರು ಹೇಳಿದ್ರು. ಎಲ್ಲಾ ಗಾಜಿನ ಮನಿನ ಅಲ್ಲೇನು? ಯಾಕ ಇಷ್ಟು ಹೆಸರು?" ನಾನು "ಹೂಂ, ಬ್ಯಾರೆ ಬ್ಯಾರೆನ ಅದಾವ" ಎಂದಷ್ಟೇ ಹೇಳಿ ಫೋನು ಇಟ್ಟುಬಿಟ್ಟೆ. ನನಗೆ ಬಾಯಿಂದ ಹೇಳುವುದು ಮೊದಲಿನಿಂದಲೂ ಕಷ್ಟ. ಎದುರಿಗೆ ಜನ ಕೂತಿದ್ದರೆ ಸ್ವಂತ ಹೆಸರು ಹೇಳುವುದಕ್ಕೂ ನಾಲಿಗೆ ತೊಡರುತ್ತದೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಊರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳ ಬರಹ ಇದು. ತಪ್ಪಿದ್ದರೆ ನೀನೂ ನಿನ್ನ ತಮ್ಮನೂ ತಿದ್ದಿಕೊಂಡು ಓದಿ.

ನೀನು ಹೇಳಿದ ಆ ಮನೆಗಳನ್ನೆಲ್ಲ ನಾನು ಒಂದೇ ಕಾಂಪೌಂಡಿನೊಳಗೆ ಕಂಡವಳು. ಹಡಗಲಿಯ ಹೊರಗೆ ಸಾಹುಕಾರ ವೀರಭದ್ರಪ್ಪನವರ ತೋಟವಿತ್ತು. ಅವರ ತಂದೆ ವ್ಯಾಪಾರಕ್ಕೆಂದು ಬೆಟ್ಟದ ಸೀಮೆಗೆ ಹೋಗಿ ಬರುತ್ತಿದ್ದರಂತೆ. ಅಲ್ಲಿನ ಎಸ್ಟೇಟು ಬಂಗಲೆಗಳಲ್ಲಿ ಕಂಡದ್ದನ್ನೆಲ್ಲ ಊರಿಗೆ ಬಂದು ಒಂದೊಂದಾಗಿ ಕಟ್ಟಿಸಿದರು. ಕುದಿಯುವ ಬಿಸಿಲಿನ ಈ ಸೀಮೆಯಲ್ಲಿ ಚಳಿ ದೇಶದ ಮನೆಗಳು! ಜನ ಹಿಂದಿನಿಂದ ನಗುತ್ತಿದ್ದರು. ನಾನು ಕೆಲಸಕ್ಕೆ ಹೋದದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ಆ ಹೊತ್ತಿಗೆ ಹಿರಿಯರು ತೀರಿಕೊಂಡು, ಮಗ ತೋಟವನ್ನು ಸಸಿ ಮಾರುವ ಜಾಗ ಮಾಡಿದ್ದರು. ಮಲ್ಲಿಗೆ ಸಸಿಗೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳಿಂದ ಚಕ್ಕಡಿ ಕಟ್ಟಿಕೊಂಡು ಬರುತ್ತಿದ್ದರು.

ನಿಮ್ಮ ಅಜ್ಜ ಕಾಮಾಲೆಯಾಗಿ ಹೋದಾಗ ನಿಮ್ಮಪ್ಪನಿಗೆ ಹಾಲುಹಲ್ಲು ಬಿದ್ದಿರಲಿಲ್ಲ. ನಿಮ್ಮ ಅತ್ತೆ ಇನ್ನೂ ಸೊಂಟದ ಮೇಲಿನ ಕೂಸು. ಹೊಳಲಿನಲ್ಲಿ ನನ್ನ ಅಣ್ಣನ ಮನೆ. ಅಣ್ಣ ಒಳ್ಳೆಯವನೇ, ಮನೆ ಸಣ್ಣದು. ಮಕ್ಕಳನ್ನು ಅಲ್ಲಿ ಬಿಟ್ಟು ನಾನು ಹಡಗಲಿಯಲ್ಲಿ ದೂರದ ಸಂಬಂಧಿಕರ ಪಡಸಾಲೆಯಲ್ಲಿ ಮಲಗಿ, ಸಾಹುಕಾರರ ತೋಟದಲ್ಲಿ ಕಳೆ ತೆಗೆಯುವ ಹೆಂಗಸರ ಜೊತೆ ಹೋಗುತ್ತಿದ್ದೆ. ಸಂತೆಯ ದಿನ ಮಾತ್ರ ಮಕ್ಕಳ ಮುಖ. ತಿರುಗಿ ಬರುವಾಗ ನಿಮ್ಮಪ್ಪ ಅಳುತ್ತಿರಲಿಲ್ಲ, ಬಸ್ಸಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದ. ಅತ್ತಿದ್ದರೆ ಒಳ್ಳೆಯದಿತ್ತು.

ತೋಟದ ಉಸ್ತುವಾರಿ ದುರುಗಪ್ಪ ಮಾಸ್ತರದು. ಶಾಲೆಯ ಮಾಸ್ತರಲ್ಲ. ಚಿಗಟೇರಿಯವರು. ಹುಡುಗರಾಗಿದ್ದಾಗಲೇ ಬೆಟ್ಟದ ಎಸ್ಟೇಟಿಗೆ ಕೂಲಿಗೆ ಹೋಗಿ, ಬಂಗಲೆಯ ತೋಟಗಳಲ್ಲಿ ಕೆಲಸ ಕಲಿತು, ಮೀಸೆ ಬೆಳ್ಳಗಾದ ಮೇಲೆ ತಿರುಗಿ ಬಂದವರು. ಕಲಿಸುತ್ತಿದ್ದರಿಂದ ಎಲ್ಲರೂ ಮಾಸ್ತರು ಎನ್ನುತ್ತಿದ್ದರು. ಒಂದು ದಿನ ನಾನು ಬದುವಿನ ಮೇಲೆ ಬಿದ್ದಿದ್ದ ಮಲ್ಲಿಗೆ ಕಡ್ಡಿಗಳನ್ನು ಸುಮ್ಮನೆ ಒದ್ದೆ ಮಣ್ಣಿಗೆ ಚುಚ್ಚಿಟ್ಟಿದ್ದೆ. ಅವು ಚಿಗುರಿದವು. ಮಾಸ್ತರು ನೋಡಿ, ಯಾರು ನೆಟ್ಟದ್ದೆಂದು ವಿಚಾರಿಸಿ, ನನ್ನನ್ನು ಸಸಿಮನೆಯ ಒಳಗಿನ ಕೆಲಸಕ್ಕೆ ಕೇಳಿದರು. ಒಳಗೆ ಅಲ್ಲಿಯ ತನಕ ಗಂಡಸರೇ ಇದ್ದದ್ದು. ಸಾಹುಕಾರರು ಬಾಗಿಲಲ್ಲಿ ನಿಂತೇ ಹೇಳಿದರು:

"ಹೆಣ್ಣುಮಗಳು ಇಲ್ಲಿ ಒಳಗಿನ ಕೆಲಸ ಮಾಡಿದ್ದಿಲ್ಲ ಮಾಸ್ತರ. ನಿಮ್ಮ ಮಾತಿಗೆ ಹೂಂ ಅಂತೀನಿ. ಈ ಸಲದ ಮಲ್ಲಿಗಿ ಸಸಿ ಆಕಿ ಕೈಯಾಗ ಎದ್ದು ನಿಂತ್ರ ಕಾಯಂ ಮಾಡೋಣ. ಇಲ್ಲಾಂದ್ರ ಮತ್ತ ಕಳೆ ತೆಗಿಯಾಕ ಹೋಗ್ಲಿ."

ಕಾಯಂ ಆದವರಿಗೆ ತೋಟದ ಹಿಂದೆ ಒಂದು ಕೋಣೆ ಕೊಡುತ್ತಿದ್ದರು. ಕೋಣೆ ಎಂದರೆ ನನ್ನ ಮಕ್ಕಳು ನನ್ನ ಹತ್ತಿರ. ಸಾಹುಕಾರರಿಗೆ ಅದು ಮಲ್ಲಿಗೆಯ ಮಾತು. ನನಗೆ ಮಕ್ಕಳ ಮಾತು.

ಮೊದಲ ದಿನ ಮಾಸ್ತರು ನನ್ನನ್ನು ಕಾಂಪೌಂಡಿನ ಸುತ್ತ ಕರೆದುಕೊಂಡು ಹೋದರು. "ನೋಡು ಹೊನ್ನವ್ವ, ಇಂಥಾ ಮನಿ ಕಂಡ ಕೂಡ್ಲೆ ಗಾಜು ನೋಡಬ್ಯಾಡ. ಇದು ಯಾರ ಸಲುವಾಗಿ ಕಟ್ಟಿದ್ದು ಅಂತ ಕೇಳು. ಆಮ್ಯಾಲ ಎಲ್ಲಾ ತಾನ ತಿಳೀತೈತಿ" ಎಂದರು. ಸುಮಾ, ನಿನ್ನ ಪ್ರಶ್ನೆಗೆ ಅವರ ಈ ಮಾತೇ ಉತ್ತರ. ಉಳಿದದ್ದು ವಿವರ.

ಆರೆಂಜರಿ ಎಂದು ನೀನು ಹೇಳಿದ್ದು ನಮ್ಮಲ್ಲಿ ಕಿತ್ತಳೆಮನೆ. ಅದಕ್ಕೆ ಗಾಜಿನ ಮಾಡು ಇರಲಿಲ್ಲ. ದಪ್ಪ ಕಲ್ಲು ಗೋಡೆ, ಮೇಲೆ ಮಾಳಿಗೆ, ಒಂದು ಬದಿಗೆ ಮಾತ್ರ ಆಳೆತ್ತರದ ಕಿಟಕಿಗಳ ಸಾಲು. ಒಳಗೆ ಮರದ ದೊಡ್ಡ ತೊಟ್ಟಿಗಳಲ್ಲಿ ಕಿತ್ತಳೆ, ಮಾದಲ ಗಿಡಗಳು. ಚಳಿ ದೇಶದಲ್ಲಿ ಇಂಥ ಮನೆಯ ಕಿಟಕಿಗಳು ಬಿಸಿಲಿಗೆ ಎದುರಾಗಿ ಇರುತ್ತವಂತೆ. ಹಿಮ ಬೀಳುವಾಗ ತೊಟ್ಟಿಗಳನ್ನು ಒಳಗೆ ಎಳೆದು, ಬೆಚ್ಚಗಾದ ಮೇಲೆ ಹೊರಗೆ ತರುತ್ತಾರಂತೆ. ನಮ್ಮಲ್ಲಿ ಎಲ್ಲ ತಿರುವುಮುರುವು. ಕಿಟಕಿಗಳು ಬಡಗಣಕ್ಕೆ. ಬೇಸಿಗೆ ಬಂತೆಂದರೆ ಗಿಡ ಒಳಗೆ, ಮುಂಗಾರು ಹನಿದ ಮೇಲೆ ಹೊರಗೆ. ಕಟ್ಟಿಸುವಾಗ ಹಿರಿಯ ಸಾಹುಕಾರರು ನಕ್ಷೆಯಲ್ಲಿದ್ದಂತೆ ತೆಂಕಣಕ್ಕೇ ಕಿಟಕಿ ಇಡಿಸಲು ಹೊರಟಿದ್ದರಂತೆ. ಆಗ ಹೊಸದಾಗಿ ಬಂದಿದ್ದ ಮಾಸ್ತರು, "ಅಲ್ಲಿ ಚಳಿ ವೈರಿ, ಇಲ್ಲಿ ಬಿಸಿಲು ವೈರಿ. ವೈರಿ ಬರೋ ದಿಕ್ಕಿಗೆ ಗೋಡಿ ಇರಲಿ, ಬಾಗಿಲ ಬ್ಯಾಡ್ರಿ ಸಾವ್ಕಾರ್ರ" ಎಂದು ನಕ್ಷೆಯನ್ನೇ ತಿರುಗಿಸಿ ಹಿಡಿದರಂತೆ. ಕಲಿತದ್ದನ್ನು ಹಾಗೇ ಮಾಡುವವರು ಬಹಳ ಜನ. ತಿರುಗಿಸಿ ಹಿಡಿಯುವವರು ಕಡಿಮೆ.

ಕನ್ಸರ್ವೇಟರಿಗೆ ನಾವು ಗಾಜಿನ ಪಡಸಾಲೆ ಎನ್ನುತ್ತಿದ್ದೆವು. ಅದು ಬಂಗಲೆಗೆ ಅಂಟಿಕೊಂಡೇ ಇತ್ತು, ಒಳಗಿನಿಂದಲೇ ಬಾಗಿಲು. ಕಬ್ಬಿಣದ ಚೌಕಟ್ಟು, ಅಲ್ಲಲ್ಲಿ ಬಣ್ಣದ ಗಾಜು, ನೆಲಕ್ಕೆ ನುಣುಪು ಕಲ್ಲು. ಕುಂಡಗಳಲ್ಲಿ ಬಣ್ಣದೆಲೆಯ ಗಿಡ, ಕಂಬಕ್ಕೆ ಹಬ್ಬಿದ ಬಳ್ಳಿ, ನಡುವೆ ಬೆತ್ತದ ಕುರ್ಚಿ. ಅಲ್ಲಿ ಗಿಡವೂ ಬೇಕು, ಮನುಷ್ಯನೂ ಬೇಕು. ದೊಡ್ಡ ಗಿರಾಕಿ ಬಂದರೆ ಅಲ್ಲೇ ಚಹಾ. ಗಿಡ ಬಾಡಿದರೆ ರಾತ್ರೋರಾತ್ರಿ ಬದಲಾಯಿಸಿ ಬೇರೆ ಇಡುವುದು ನಮ್ಮ ಕೆಲಸ. ಮದುವೆ ಮನೆಯ ಪಂಗ್ತಿಯಲ್ಲಿ ಎಲೆ ಬದಲಿಸಿದ ಹಾಗೆ.

ಸನ್‌ರೂಮ್ ಬಂಗಲೆಯ ಮೂಡಣ ಜಗುಲಿ. ಅದಕ್ಕೆ ಗಾಜು ಹಾಕಿಸಿದ್ದರು. ಸಾಹುಕಾರರ ತಾಯಿ ದೊಡ್ಡಮ್ಮನವರಿಗೆ ಕಾಲು ನೋವು. ಬೆಳಗಿನ ಬಿಸಿಲಿಗೆ ಕಾಲು ಕಾಯಿಸಿಕೊಳ್ಳಲಿ ಎಂದು. ಅಲ್ಲಿ ಗಿಡಕ್ಕೆ ಕೆಲಸವಿಲ್ಲ, ಅದು ಮನುಷ್ಯರ ಕೋಣೆ. ಆದರೆ ದೊಡ್ಡಮ್ಮನವರು ಕಾಲು ಕಾಯಿಸಿದ್ದಕ್ಕಿಂತ ಸಂಡಿಗೆ ಒಣಗಿಸಿದ್ದೇ ಹೆಚ್ಚು. "ಕಾಗಿ ಬರಂಗಿಲ್ಲ, ಧೂಳ ಬೀಳಂಗಿಲ್ಲ. ನಮ್ಮ ಯಜಮಾನ್ರು ಜೀವಮಾನದಾಗ ಒಂದು ಶಾಣೇ ಕೆಲಸ ಮಾಡ್ಯಾರ ಅಂದ್ರ ಇದ ನೋಡು" ಎಂದು ನಗುತ್ತಿದ್ದರು.

ಕೊನೆಯದು ಗ್ರೀನ್‌ಹೌಸ್, ನಮ್ಮ ಸಸಿಮನೆ. ಬಂಗಲೆಯಿಂದ ದೂರ, ಬಾವಿಯ ಹತ್ತಿರ. ಗೋಡೆ ಮಂಡಿಯೆತ್ತರ, ಮೇಲೆಲ್ಲ ಗಾಜು, ನೆತ್ತಿಯಲ್ಲಿ ತೆರೆದು ಮುಚ್ಚುವ ಕಿಂಡಿಗಳು. ಒಳಗೆ ಚೆಂದವೇನೂ ಇಲ್ಲ. ಕೆಸರು, ಒದ್ದೆ ಗೋಣಿತಾಟು, ಮರಳು ತುಂಬಿದ ಮರದ ಪೆಟ್ಟಿಗೆಗಳು. ಅದು ಗಿಡದ ಮನೆ, ಗಿಡ ಹುಟ್ಟುವ ಮನೆ. ಅಲ್ಲಿ ಮನುಷ್ಯನಿಗೆ ಹಾಯೆನಿಸಿದರೆ ಗಿಡಕ್ಕೆ ಏನೋ ಕಡಿಮೆಯಾಗಿದೆ ಎಂದು ತಿಳಿ ಎನ್ನುತ್ತಿದ್ದರು ಮಾಸ್ತರು.

ಮಾಸ್ತರೂ ತಪ್ಪು ಮಾಡಿದ್ದರು, ಅದನ್ನು ತಾವೇ ಹೇಳಿ ನಗುತ್ತಿದ್ದರು. ಬಂದ ಹೊಸದರಲ್ಲಿ ಬೆಟ್ಟದ ರೂಢಿಯಂತೆ ಕಿಂಡಿ ಮುಚ್ಚಿ ಬೆಚ್ಚಗಿಟ್ಟರಂತೆ. ಮಧ್ಯಾಹ್ನಕ್ಕೆ ಸಸಿಗಳೆಲ್ಲ ಬೆಂದ ಸೊಪ್ಪು. "ಒಗ್ಗರಣಿ ಒಂದ ಕಡಿಮಿ ಇತ್ತು ನೋಡು" ಎನ್ನುವರು. ಅಂದಿನಿಂದ ಶಿವರಾತ್ರಿ ಆದ ಮೇಲೆ ಗಾಜಿನ ಮೇಲೆ ತೆಳುವಾಗಿ ಸುಣ್ಣ ಬಳಿಯುವ ಪದ್ಧತಿ ಮಾಡಿದರು. ಸುಣ್ಣಕ್ಕೆ ಸ್ವಲ್ಪ ಗಂಜಿ ಬೆರೆಸುತ್ತಿದ್ದರು, ಗಾಜಿಗೆ ಹಿಡಿಯಲಿ ಎಂದು. ಒಳಗೆ ಬಿಸಿಲು ಹಾಲಿನಂತೆ ಇಳಿಯುತ್ತಿತ್ತು. ಕಿಂಡಿ ಎಷ್ಟು ತೆರೆಯಬೇಕೆಂಬುದನ್ನು ಅವರು ಅಂಗೈ ಹಿಂಬದಿಯನ್ನು ಗಾಜಿಗೆ ತಾಗಿಸಿ ಹೇಳುವರು. ನೀನು ಈಗ ಮೀಟರು ನೋಡುತ್ತೀಯಂತೆ, ನೋಡು. ಆದರೆ ಕೈಯನ್ನೂ ಮರೆಯಬೇಡ.

ಒಂದು ಸಲ ಕೊಟ್ಟೂರಿನ ಒಬ್ಬ ಬಟ್ಟೆ ವ್ಯಾಪಾರಿ ಬಂದು, "ನಮಗೂ ಇಂಥಾದ್ದೊಂದು ಗಾಜಿನ ಮನಿ ಕಟ್ಟಿಸಿಕೊಡ್ರಿ ಮಾಸ್ತರ" ಎಂದರು. ಮಾಸ್ತರು ಗಿಡ ಯಾವುದೆಂದು ಕೇಳಿದರು. "ಗಿಡ ಯಾತಕ್ಕ? ನಾಕ ಮಂದಿ ಕುಂತು ಇಸ್ಪೀಟು ಆಡಾಕ ಆಗ್ಬೇಕು, ಬೀದಿಯಾಗ ಹೋಗೋರಿಗೆ ಕಾಣ್ಬೇಕು" ಎಂದರು ವ್ಯಾಪಾರಿ. ಮಾಸ್ತರು ನಗಲಿಲ್ಲ. "ಹಂಗಾರ ನಿಮಗ ನಾನಲ್ರಿ ಬೇಕಾದಾಂವ, ಗೋಡಿ ಕಟ್ಟೋ ಗೌಂಡಿ. ಜಗಲಿಗೆ ಗಾಜು ಹಾಕಿಸ್ರಿ, ಪಡುವಣಕ್ಕ ಬ್ಯಾಡ, ಮೂಡಣಕ್ಕ. ಇಲ್ಲಾಂದ್ರ ಸಂಜಿಗೆ ಎಲಿ ಹಿಡಿದ ಕೈ ಸುಡತೈತಿ" ಎಂದು ತಿಳಿಸಿ ಹೇಳಿ ಕಳಿಸಿದರು. ಆಮೇಲೆ ನನಗೆ ಹೇಳಿದರು: "ಕೇಳಾಕ ಬಂದವರನ್ನ ಅವಮಾನ ಮಾಡಬಾರದವ್ವ. ಅವರಿಗೆ ಬೇಕಾದ್ದು ಅವರಿಗೇ ಗೊತ್ತಿರಂಗಿಲ್ಲ, ನಾವು ಹುಡುಕಿ ಕೊಡಬೇಕು."

ಎಂಬತ್ತರ ದಶಕ ಕಾಲಿಟ್ಟ ಮೇಲೆ ಪ್ಲಾಸ್ಟಿಕ್ ಹಾಳೆ ಬಂತು. ಬಿದಿರು ಬಗ್ಗಿಸಿ ಹಾಳೆ ಹೊದಿಸಿದರೆ ಸಸಿಮನೆ. ನಿನ್ನ ಪಾಲಿಹೌಸೂ ಅದೇ ಜಾತಿಯದು. ಹಳೆಯ ಆಳುಗಳು ಮೂಗು ಮುರಿದರು. ಮಾಸ್ತರಿಗೆ ಆಗ ವಯಸ್ಸಾಗಿತ್ತು, ಕಣ್ಣು ಮಂಜಾಗಿತ್ತು. ಹಾಳೆಯನ್ನು ಬೆರಳಲ್ಲಿ ಉಜ್ಜಿ ನೋಡಿ, "ಗಾಜಿನಂಗ ಒಡ್ಯಂಗಿಲ್ಲ, ಬಡವರೂ ಕಟ್ಕೋಬಹುದು. ಒಳ್ಳೇದ ಬಂತು" ಎಂದರು. ತನ್ನ ಜೀವಮಾನದ ವಿದ್ಯೆಯನ್ನು ಹಿಂದೆ ಹಾಕುವ ವಸ್ತುವನ್ನು ಹಾಗೆ ಹೊಗಳುವುದಕ್ಕೆ ದೊಡ್ಡ ಮನಸ್ಸು ಬೇಕು.

ಇದು ನಂತರದ ಮಾತು. ನನ್ನ ಮೊದಲ ವರ್ಷಕ್ಕೆ ತಿರುಗಿ ಬರುತ್ತೇನೆ, ಅದನ್ನು ಹೇಳದಿದ್ದರೆ ಹೇಳಿದ್ದೆಲ್ಲ ಅರ್ಧ.

ಚಳಿಗಾಲದಲ್ಲಿ ಸುತ್ತಿನ ಮಲ್ಲಿಗೆ ತೋಟಗಳನ್ನು ಸವರುತ್ತಾರೆ. ಆಗ ಬಿದ್ದ ಕಡ್ಡಿಗಳಲ್ಲೇ ನಾವು ಆರಿಸಿ ತರಬೇಕು. ಆ ಹೊತ್ತು ಮೀರಿದರೆ ಮತ್ತೆ ಮುಂದಿನ ವರ್ಷವೇ. ನಾನು ಆರಿಸಿದ ಕಡ್ಡಿಗಳನ್ನು ಪೆಟ್ಟಿಗೆಗಳಲ್ಲಿ ನೆಟ್ಟೆ. ಸುಣ್ಣ ಬಳಿದ ಗಾಜಿನ ಕೆಳಗೆ ಅವು ಬೇರು ಬಿಟ್ಟು, ಯುಗಾದಿ ಹತ್ತಿರ ಬರುವಾಗ ಒಂದೊಂದೇ ಜೋಡಿ ಎಲೆ ಬಿಡಿಸಿದ್ದವು. ಮಾಸ್ತರು ನೋಡಿ, "ಹಬ್ಬ ಮುಗಿಸಿ ಬಾರವ್ವ, ಮಕ್ಕಳ ಜೋಡಿ ಬೇವು ಬೆಲ್ಲ ತಿಂದು ಬಾ" ಎಂದು ರಜೆ ಕೊಟ್ಟರು. ತಾವೂ ಚಿಗಟೇರಿಗೆ ಹೋದರು. ನೀರು ಹಾಕುವುದನ್ನು ಕಾವಲುಗಾರನಿಗೆ ಒಪ್ಪಿಸಿದ್ದೆವು.

ಸಾಹುಕಾರರ ಸೊಸೆ ಶಶಿಕಲಾ ದಾವಣಗೆರೆಯ ಹುಡುಗಿ. ಮದುವೆಯಾಗಿ ಬಂದ ಮೊದಲ ಯುಗಾದಿ. ತವರಿನವರು ಬರುವವರಿದ್ದರು. ಹಬ್ಬಕ್ಕೆ ಮನೆಯೆಲ್ಲ ತೊಳೆದು ಬಳಿದು ಮಾಡುವುದು ನಮ್ಮಲ್ಲಿ ರೂಢಿಯಲ್ಲವೇ? ಆಕೆ ಬಂಗಲೆ ಮುಗಿಸಿ, ಗಾಜಿನ ಪಡಸಾಲೆ ಮುಗಿಸಿ, ಸಸಿಮನೆಯ ಕಡೆ ನೋಡಿದಳು. ಗಾಜಿನ ಮೇಲೆಲ್ಲ ಬಿಳಿ ಕಲೆ! ಹಬ್ಬದ ದಿನ ಹೀಗಿದ್ದರೆ ನೋಡಿದವರು ಏನೆನ್ನುತ್ತಾರೆ ಎಂದು ಏಣಿ ಹಾಕಿಸಿ, ಇಬ್ಬರು ಆಳು ಹೆಂಗಸರಿಂದ ಹುಣಸೆ ನೀರಿನಲ್ಲಿ ಉಜ್ಜಿಸಿ ಫಳಫಳ ಮಾಡಿಸಿದಳು. ಹಬ್ಬದ ದಿನ ತವರಿನವರನ್ನು ಅಲ್ಲಿಗೇ ಕರೆದೊಯ್ದು ಕುರ್ಚಿ ಹಾಕಿಸಿ ಕೂರಿಸಿದಳು. ಸ್ವಲ್ಪ ಹೊತ್ತಿಗೆ ಬೆವರು ಹರಿದು ಎಲ್ಲರೂ ಎದ್ದರು. ಹೋಗುವಾಗ ಧೂಳು ಬೀಳದಿರಲಿ ಎಂದು ಕಿಂಡಿಗಳನ್ನೆಲ್ಲ ಮುಚ್ಚಿಸಿದಳು. ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಹಬ್ಬದ ಮರುದಿನ ಮಧ್ಯಾಹ್ನದ ಬಸ್ಸಿಗೆ ನಾನು ಬಂದೆ. ದೂರದಿಂದಲೇ ಸಸಿಮನೆ ಹೊಳೆಯುತ್ತಿತ್ತು. ಓಡಿದೆ. ಬಾಗಿಲು ತೆರೆದಾಗ ಭಟ್ಟಿಯ ಝಳ ಮುಖಕ್ಕೆ ಬಡಿಯಿತು. ಎಲೆಗಳೆಲ್ಲ ಕಪ್ಪಾಗಿ ಜೋತುಬಿದ್ದಿದ್ದವು. ನಾನು ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟೆ. ಬಸ್ಸಿಗೆ ಬೆನ್ನು ಮಾಡಿ ನಿಂತ ಮಗ ಕಣ್ಣ ಮುಂದೆ ಬಂದ.

ಕಾವಲುಗಾರ ಹಿಂದೆ ನಿಂತು, "ಸಣ್ಣಮ್ಮಾರು ಹೇಳಿದ್ರು, ನಾ ಏನ್ ಮಾಡ್ಲಿ? ನೀರು ಮಾತ್ರ ತಪ್ಸಿಲ್ಲ ನಾನು" ಎನ್ನುತ್ತಿದ್ದ. ಅಷ್ಟರಲ್ಲಿ ಮಾಸ್ತರೂ ಚಿಗಟೇರಿಯಿಂದ ಬಂದರು. ಯಾರನ್ನೂ ಬೈಯಲಿಲ್ಲ. ಕಿಂಡಿ ತೆರೆಸಿದರು. ಒಂದು ಕಡ್ಡಿಯನ್ನು ಹಿಡಿದು ಉಗುರಿನಿಂದ ಸಿಪ್ಪೆ ಕೆರೆದರು. ಒಳಗೆ ಹಸಿರಿತ್ತು.

"ಜೀವ ಐತಿ ಹೊನ್ನವ್ವ. ಎಲಿ ಹೋಗ್ಯಾವ, ಬೇರು ಹೋಗಿಲ್ಲ. ಆದ್ರ ಈ ಮನಿಯಾಗ ಇನ್ನ ಉಳಿಯಂಗಿಲ್ಲ. ಸುಣ್ಣ ಹಚ್ಚಿದ್ರೂ ಗಾಜು ಗಾಜ. ಸುಟ್ಟ ಗಿಡಕ್ಕ ಗೋಡಿ ಬೇಕು, ತಂಪು ಬೇಕು."

ಅವರು ಕಿತ್ತಳೆಮನೆಯ ಕಡೆ ನೋಡಿದರು. ಆ ಮನೆಯನ್ನು ಕೇಳುವುದಾದರೂ ಹೇಗೆ? ಅಲ್ಲಿನ ಕಿತ್ತಳೆ ಗಿಡಗಳು ದೊಡ್ಡಮ್ಮನವರ ಯಜಮಾನರು ಬೆಟ್ಟದಿಂದ ತಂದವು. ಆಗ ಹೂ ಬಿಟ್ಟಿದ್ದವು. ಬಿಸಿಗಾಳಿಗೆ ಹೊರಗೆ ಇಟ್ಟರೆ ಹೂವೆಲ್ಲ ಉದುರುತ್ತದೆ. ಪ್ರತಿ ವರ್ಷ ಮೊದಲ ಹಣ್ಣನ್ನು ಆ ತಾಯಿ ಯಜಮಾನರ ಫೋಟೋದ ಮುಂದೆ ಇಡುತ್ತಿದ್ದರು. ಮಾಸ್ತರು ಬಂಗಲೆಯ ಮೆಟ್ಟಿಲ ಹತ್ತಿರ ಹೋಗಿ ಕೂಗಿದರು. ದೊಡ್ಡಮ್ಮನವರು ಗೋಡೆ ಹಿಡಿದುಕೊಂಡು ಬಂದರು. ಮಾಸ್ತರು ನಡೆದದ್ದನ್ನು ಹೇಳಿದರು. ಗಾಜು ತೊಳೆಸಿದ್ದು ಯಾರೆಂದು ಮಾತ್ರ ಹೇಳಲಿಲ್ಲ. ಹಿಂದೆ ಬಾಗಿಲಲ್ಲಿ ಶಶಿಕಲಾ ಎಲ್ಲ ಕೇಳುತ್ತ ನಿಂತಿದ್ದಳು.

ದೊಡ್ಡಮ್ಮನವರು ನನ್ನನ್ನು ನೋಡಿದರು. "ನಿನಗ ಮಕ್ಕಳು ಅದಾವಂತಲ್ಲ, ಹೊಳಲಾಗ?"

ನಾನು ತಲೆಯಾಡಿಸಿದೆ.

"ಕಿತ್ತಳಿ ಹೊರಗ ತರ್ರಿ ಮಾಸ್ತರ. ಅವೂ ನನ್ನಂಗ ಮುದುಕಿ ಆಗ್ಯಾವ, ಒಂದು ಬ್ಯಾಸಗಿ ತಡಕೊಂತಾವ. ಆ ಕೂಸುಗಳನ್ನ ಒಳಗ ಒಯ್ಯಿರಿ."

"ಹೂ ಉದುರತಾವರಿ ಅಮ್ಮಾರ."

"ಉದುರ್ಲಿ ಬಿಡ್ರಿ ಮಾಸ್ತರ. ಹಣ್ಣು ಹುಳಿಯಂದ್ರ ಹುಳಿ. ನಮ್ಮ ಯಜಮಾನ್ರು ಮ್ಯಾಲ ಕುಂತು ಒಂದು ವರ್ಷ ಹಲ್ಲು ಕಡಿಯೋದು ತಪ್ಪಿತು ಅಂತಾರ."

ತೊಟ್ಟಿಗಳನ್ನು ಬೇವಿನ ನೆರಳಿಗೆ ಎಳೆದೆವು. ಪೆಟ್ಟಿಗೆಗಳನ್ನು ಹೊರಲು ಜನ ಸಾಲದು, ಆಳುಗಳಿನ್ನೂ ಹಬ್ಬದಲ್ಲಿದ್ದರು. ನೋಡಿದರೆ ಶಶಿಕಲಾ ಹಬ್ಬದ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದು ಪೆಟ್ಟಿಗೆ ಎತ್ತಿಕೊಂಡು ಬರುತ್ತಿದ್ದಳು. ಮೈಯೆಲ್ಲ ಮರಳು. "ಅಕ್ಕಾ, ನಂಗೆ ಗೊತ್ತಾಗ್ಲಿಲ್ಲ ಕಣಕ್ಕಾ. ಸಿನಿಮಾದಾಗೆ ನೋಡಿದ್ದೆ, ಗಾಜಿನ ಮನೆಯಾಗೆ ಹೀರೋಯಿನ್ ಕೂತಿರ್ತಾಳೆ, ಸುತ್ತ ಹೂವು. ಕೂತ್ಕಳಕ್ಕೇ ಕಟ್ಟಿದ್ದು ಅಂದ್ಕಂಡೆ" ಎಂದಳು. ಮಾಸ್ತರು ಹಿಂದಿನಿಂದ, "ಹೀರೋಯಿನ್ ಮಧ್ಯಾಹ್ನ ಕುಂತಿರಂಗಿಲ್ಲ ತಾಯಿ" ಎಂದರು. ಆ ಹುಡುಗಿ ಅಳುತ್ತಲೇ ನಕ್ಕಳು.

ಸಾಹುಕಾರರು ಹಬ್ಬ ಮುಗಿಸಿ ಹುಬ್ಬಳ್ಳಿಗೆ ಹೋಗಿದ್ದರು. ಬಂದವರು ನೇರವಾಗಿ ಕಿತ್ತಳೆಮನೆಯ ಬಾಗಿಲಿಗೆ ಬಂದರು. ಒಳಗೆ ಪೆಟ್ಟಿಗೆಗಳ ತುಂಬ ಬೋಳು ಕಡ್ಡಿ.

"ಏನಿದು? ಮಲ್ಲಿಗಿ ಸಸಿಯೋ, ಒಲಿಗೆ ಇಡೋ ಪುಳ್ಳಿಯೋ? ಅದಕ್ಕ ಹೇಳಿದ್ದೆ ನಾನು, ಹೆಣ್ಣುಮಗಳ ಕೈಗೆ..."

ಮಾಸ್ತರು ಬಾಯಿ ತೆರೆಯುವ ಮೊದಲೇ ಶಶಿಕಲಾ ಮುಂದೆ ಬಂದಳು. ಆ ಮನೆಯಲ್ಲಿ ಸೊಸೆ ಮಾವನ ಎದುರು ಆಳುಗಳ ಮುಂದೆ ನಿಂತು ಮಾತಾಡಿದ್ದೇ ಇಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು, "ಮಾವಾ, ಸುಣ್ಣ ತೊಳ್ಸಿದ್ದು ನಾನು. ಕಿಂಡಿ ಮುಚ್ಸಿದ್ದೂ ನಾನು. ಅಕ್ಕ ಊರಾಗೆ ಇರ್ಲಿಲ್ಲ. ಅಕ್ಕನ್ ಕೈಯಾಗೆ ಇವು ಚೆನ್ನಾಗೇ ಬಂದಿದ್ವು" ಎಂದಳು. ನಾನು ಬಾಯಿಲ್ಲದವಳು, ನನ್ನ ಪರವಾಗಿ ಹಾಗೆ ಆಡಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ.

ಸಾಹುಕಾರರು ಮಾಸ್ತರ ಕಡೆ ತಿರುಗಿದರು. "ನೀವ್ಯಾಕ ಹೇಳ್ಲಿಲ್ರಿ ಮಾಸ್ತರ?" ಎಂದರು.

"ಬೇರು ಏನಂತಾವ ಕೇಳಿ, ಆಮ್ಯಾಲ ಹೇಳೋಣ ಅಂತ ಇದ್ದೆರಿ."

"ಹಂಗಾರ ಮಳಿ ಬೀಳೂತನಕ ನಾನೂ ಕೇಳತೀನಿ" ಎಂದು ಹೋದರು.

ಆ ಬೇಸಿಗೆ ಹೇಗೆ ಕಳೆಯಿತೋ! ದಿನವೂ ಗೋಣಿತಾಟು ನೆನೆಸಿ ಕಿಟಕಿಗಳಿಗೆ ಕಟ್ಟುತ್ತಿದ್ದೆವು. ಶಶಿಕಲಾ ಮಧ್ಯಾಹ್ನ ಊಟವಾದ ಮೇಲೆ ಬಂದು ನೀರು ಚಿಮುಕಿಸುವಳು. ಮೊದಲ ವಾರಗಳಲ್ಲಿ ಏನೂ ಇಲ್ಲ. ಆಮೇಲೆ ಒಂದು ಬೆಳಿಗ್ಗೆ ಕಡ್ಡಿಯ ಗೆಣ್ಣಿನಲ್ಲಿ ಸಾಸಿವೆಯಷ್ಟು ಹಸಿರು ಕಂಡಿತು. ನಾನು ಯಾರನ್ನೂ ಕರೆಯಲಿಲ್ಲ. ಸುಮ್ಮನೆ ನೋಡುತ್ತ ನಿಂತೆ. ಬೇವಿನ ಕೆಳಗೆ ಕಿತ್ತಳೆಯ ಹೂವು ಉದುರಿ ಒಣಗುತ್ತಿತ್ತು. ಎಲ್ಲ ಕಡ್ಡಿಗಳೂ ಬದುಕಲಿಲ್ಲ. ಆದರೆ ಅರ್ಧಕ್ಕಿಂತ ಹೆಚ್ಚು ಎದ್ದವು, ಮತ್ತು ಎದ್ದವು ಗಟ್ಟಿಯಾಗಿದ್ದವು.

ಮುಂಗಾರಿನ ಮೊದಲ ಮಳೆ ಬಿದ್ದು ನೆಲ ಹದವಾದಾಗ ಚಕ್ಕಡಿಗಳು ಬಂದವು. ಕೂಡ್ಲಿಗಿಯ ಒಬ್ಬ ಹಿರಿಯ ಬೆಳೆಗಾರ ಸಸಿಯೊಂದನ್ನು ಎತ್ತಿ ಹಿಡಿದು, "ಈ ಸಲದ್ದು ಬಿಸಿಲು ಕಂಡ ಗಿಡ ಐತಿ, ನಮ್ಮ ಹೊಲಕ್ಕ ಇಂಥಾದ್ದ ಬೇಕು" ಎಂದ. ಸಾಹುಕಾರರು ಅಲ್ಲೇ ನಿಂತಿದ್ದರು. ಗಿರಾಕಿಗಳೆಲ್ಲ ಹೋದ ಮೇಲೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಮಾಸ್ತರು ಪಕ್ಕದಲ್ಲೇ ಇದ್ದರೂ ಅವರನ್ನು ಕೇಳದೆ ನನ್ನನ್ನು ಕೇಳಿದರು.

"ಹೊನ್ನವ್ವ, ಬರೋ ವರ್ಷದ ಕಡ್ಡಿ ಯಾರ ತೋಟದಿಂದ ತರೋಣ?"

ನಾನು ಮಾಸ್ತರ ಮುಖ ನೋಡಿದೆ. ಅವರು ಮೀಸೆಯೊಳಗೇ ನಗುತ್ತ ಬೇರೆ ಕಡೆ ನೋಡುತ್ತಿದ್ದರು. ನಾನು ತಲೆ ಬಗ್ಗಿಸಿಕೊಂಡೇ, ಹೊಳೆಯ ದಾರಿಯಲ್ಲಿರುವ ಒಂದು ತೋಟದ ಹೆಸರು ಹೇಳಿದೆ. ಅಲ್ಲಿ ಕಡ್ಡಿಯ ಗೆಣ್ಣು ಹತ್ತಿರ ಹತ್ತಿರ ಇರುತ್ತದೆ ಎಂದೂ ಹೇಳಿದೆ.

"ಹಂಗ ಮಾಡೋಣ" ಎಂದು ಸಾಹುಕಾರರು ಹೊರಟರು. ಬಾಗಿಲ ತನಕ ಹೋಗಿ ತಿರುಗಿದರು. "ಹಿಂದಿನ ಕೋಣಿ ಸ್ವಚ್ಛ ಮಾಡ್ಸೀನಿ. ನಾಳೆ ಹೊಳಲಿಗೆ ಹೋಗಿ ಬಾರವ್ವ."

ಮರುದಿನ ಬಸ್ಸಿನಿಂದ ಇಳಿದಾಗ ನಿಮ್ಮಪ್ಪ ಅಣ್ಣನ ಮನೆಯ ಮುಂದೆ ಗೋಲಿ ಆಡುತ್ತಿದ್ದ. ಸಂತೆಯ ದಿನವಲ್ಲದ ದಿನ ನನ್ನನ್ನು ಕಂಡು ಗೋಲಿ ಅಲ್ಲೇ ಬಿಟ್ಟು ಎದ್ದು ನಿಂತ. "ಯಾಕ ಬಂದಿ?" ಎಂದು ಕೇಳಿದ. "ಅಂಗಿ ಚಡ್ಡಿ ತಗಿ, ಗಂಟು ಕಟ್ಟೋಣ" ಎಂದೆ. ಅಂದು ಬಸ್ಸಿನಲ್ಲಿ ನಿಮ್ಮ ಅತ್ತೆ ನನ್ನ ತೊಡೆಯ ಮೇಲಿದ್ದಳು. ಕಿಟಕಿಯ ಕಡೆ ಕೂತ ನಿಮ್ಮಪ್ಪ ಹಡಗಲಿ ಬರುವ ತನಕ ಮಾತು ನಿಲ್ಲಿಸಲಿಲ್ಲ.